ಹಳೆಯ ಕಾರಿನ ರೇಡಿಯೊಗೆ ಹೆಚ್ಚುವರಿ ಸ್ಪೀಕರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಾರು ಇಟ್ಟುಕೊಂಡವರ ಜೊತೆ ಮಾತಿಗೆ ಕುಳಿತರೆ ಎಂಜಿನ್, ಬಣ್ಣ, ಬಿಡಿಭಾಗಗಳ ಸುದ್ದಿ ಮುಗಿಯುತ್ತಿದ್ದಂತೆ ರೇಡಿಯೊದ ವಿಷಯ ಬಂದೇ ಬರುತ್ತದೆ. ಡ್ಯಾಶ್‌ಬೋರ್ಡಿನ ನಡುವೆ ಒಂದೇ ಒಂದು ಸ್ಪೀಕರ್ ಇದೆ, ಹಿಂದಿನ ಸೀಟಿಗೂ ಹಾಡು ಕೇಳಬೇಕು, ಏನು ಮಾಡಲಿ ಎನ್ನುವವರೇ ಹೆಚ್ಚು. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಉತ್ತರಗಳಲ್ಲಿ ಎರಡು ವಿಷಯಕ್ಕೆ ನಾನು ಹಟ ಹಿಡಿದಿದ್ದೇನೆ. ರೇಡಿಯೊವನ್ನು ಎಷ್ಟು ಓಮ್‌ನ ಸ್ಪೀಕರಿಗಾಗಿ ತಯಾರಿಸಿದ್ದಾರೆ ಎಂದು ತಿಳಿಯದೆ ವೈರು ಮುಟ್ಟಬೇಡಿ; ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ಮಾಡುವ ಪ್ರತಿ ಕೆಲಸವೂ ನಾಳೆ ಬಿಚ್ಚಿ ಮೊದಲಿನಂತೆ ಮಾಡಲು ಬರುವಂತಿರಲಿ.

## ಮೊದಲ ಮೆಟ್ಟಿಲು

ಇನ್ನೊಂದು ಸ್ಪೀಕರ್ ಹಾಕಿದರೆ ಸದ್ದು ಇಮ್ಮಡಿಯಾಗುತ್ತದೆಯೇ?

ಇಲ್ಲ. ರೇಡಿಯೊ ಹೊರಗೆ ಕೊಡಬಲ್ಲ ಶಕ್ತಿ ಅದರ ಒಳಗಿನ ಕೊನೆಯ ಹಂತದಲ್ಲಿ ನಿರ್ಧಾರವಾಗಿರುತ್ತದೆ. 1950 ಮತ್ತು 60ರ ದಶಕಗಳ ಬಹುತೇಕ ಕಾರ್ ರೇಡಿಯೊಗಳು ಕೊಡುವುದು ಮೂರರಿಂದ ಐದು ವ್ಯಾಟ್ ಅಷ್ಟೆ. ಒಂದೇ ಕೊಡದ ನೀರನ್ನು ಎರಡು ಬಿಂದಿಗೆಗೆ ಸುರಿದಂತೆ, ಇರುವಷ್ಟನ್ನೇ ಎರಡು ಸ್ಪೀಕರ್‌ಗಳು ಹಂಚಿಕೊಳ್ಳುತ್ತವೆ. ಶಕ್ತಿಯೇ ಇಮ್ಮಡಿಯಾದರೂ ಕಿವಿಗೆ ಸಿಗುವ ಏರಿಕೆ 3 ಡೆಸಿಬಲ್ ಮಾತ್ರ. ಸದ್ದು ಎರಡು ಪಟ್ಟಾಯಿತು ಎಂದು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು.

ಹಾಗಾದರೆ ಎರಡನೆಯ ಸ್ಪೀಕರಿನಿಂದ ಲಾಭವೇನು? ಸದ್ದು ಕಾರಿನ ತುಂಬ ಹರಡುತ್ತದೆ. ಹಿಂದೆ ಕುಳಿತವರಿಗೆ ಕೇಳಿಸಲೆಂದು ಮುಂದೆ ಕುಳಿತವರ ಕಿವಿ ಒಡೆಯುವಂತೆ ಹಾಕುವ ಅಗತ್ಯ ತಪ್ಪುತ್ತದೆ. ವಾಲ್ಯೂಮ್ ಕಡಿಮೆ ಇರುವುದರಿಂದ ರೇಡಿಯೊ ಒಡಕು ಸದ್ದಿಗೆ ಇಳಿಯದೆ ನುಣುಪಾಗಿ ಹಾಡುತ್ತದೆ. ನನ್ನ ಪ್ರಕಾರ ಇಷ್ಟು ಲಾಭ ಸಾಕು.

ನನ್ನ ರೇಡಿಯೊ ವಾಲ್ವಿನದೋ ಟ್ರಾನ್ಸಿಸ್ಟರಿನದೋ ಹೇಗೆ ಗೊತ್ತಾಗುತ್ತದೆ?

ಆನ್ ಮಾಡಿ ಸುಮ್ಮನೆ ಕೇಳಿ. ಸ್ವಿಚ್ ತಿರುಗಿಸಿದ ಕೂಡಲೇ ಒಳಗಿನಿಂದ ಸಣ್ಣದಾಗಿ ಗುಂಯ್‌ಗುಡುವ ಸದ್ದು ಬಂದು, ಅರ್ಧ ನಿಮಿಷದಷ್ಟು ಹೊತ್ತು ಕಾದ ಮೇಲೆ ಹಾಡು ಕೇಳಿಸಿದರೆ ಅದು ವಾಲ್ವ್ ರೇಡಿಯೊ, ಅಂದರೆ ಟ್ರಾನ್ಸಿಸ್ಟರಿಗೂ ಹಿಂದಿನ, ಬಿಸಿಯಾದ ಮೇಲೆ ಕೆಲಸ ಮಾಡುವ ಗಾಜಿನ ಕೊಳವೆಗಳದು. ಆ ಗುಂಯ್‌ಗುಟ್ಟುವಿಕೆ ವೈಬ್ರೇಟರಿನದು. ಬ್ಯಾಟರಿಯ 6 ಅಥವಾ 12 ವೋಲ್ಟ್ ನೇರ ವಿದ್ಯುತ್ತನ್ನು (ಡಿಸಿ) ಕಂಪಿಸುವ ಒಂದು ಲೋಹದ ನಾಲಿಗೆ ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ವಾಲ್ವುಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟುವುದು ಹಾಗೆ.

ಗುಂಯ್ ಸದ್ದಿಲ್ಲ, ಆದರೂ ಬಿಸಿಯಾಗಲು ಹೊತ್ತು ಹಿಡಿಯುತ್ತದೆ ಎಂದಾದರೆ ಅದು ಮಿಶ್ರ ಜಾತಿಯದು. ನೇರವಾಗಿ 12 ವೋಲ್ಟಿನಲ್ಲೇ ಕೆಲಸ ಮಾಡುವ ವಾಲ್ವುಗಳು ಮುಂದೆ, ಸ್ಪೀಕರನ್ನು ನಡೆಸಲು ದೊಡ್ಡದೊಂದು ಜರ್ಮೇನಿಯಂ ಟ್ರಾನ್ಸಿಸ್ಟರ್ ಕೊನೆಯಲ್ಲಿ. 1950ರ ದಶಕದ ಉತ್ತರಾರ್ಧದಿಂದ ಕೆಲವು ವರ್ಷ ಇವು ಚಲಾವಣೆಯಲ್ಲಿದ್ದವು. ಸ್ವಿಚ್ ಹಾಕಿದ ಕೂಡಲೇ ಹಾಡಿದರೆ ಪೂರ್ತಿ ಟ್ರಾನ್ಸಿಸ್ಟರಿನದು. ಫಿಲ್ಕೊ ಮತ್ತು ಕ್ರೈಸ್ಲರ್ ಕಂಪನಿಗಳು ಅಂತಹದೊಂದನ್ನು 1955ರಲ್ಲೇ ಪ್ರಕಟಿಸಿದ್ದವು.

ಸ್ಪೀಕರ್ ಬಿಚ್ಚಿಟ್ಟು ರೇಡಿಯೊ ಆನ್ ಮಾಡಿ ನೋಡಬಹುದೇ? ದೀಪ ಉರಿಯುತ್ತದೆಯೇ ಎಂದು ನೋಡಿದರೆ ಸಾಕು.

ದಯವಿಟ್ಟು ಬೇಡ. ವಾಲ್ವ್ ರೇಡಿಯೊಗಳಲ್ಲೂ ಆರಂಭದ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲೂ ಸ್ಪೀಕರಿಗೆ ಮುನ್ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅಥವಾ ಚೋಕ್ ಎಂಬ ತಂತಿಸುರುಳಿ ಇರುತ್ತದೆ. ಅದರ ಸುರುಳಿಯಲ್ಲಿ ತುಂಬಿಕೊಂಡ ಶಕ್ತಿ ಹೋಗಬೇಕಾದ ದಾರಿ ಸ್ಪೀಕರ್. ಆ ದಾರಿ ಇಲ್ಲದಿದ್ದರೆ ವೋಲ್ಟೇಜ್ ಒಮ್ಮೆಲೇ ನೆಗೆದು ಟ್ರಾನ್ಸಿಸ್ಟರನ್ನೋ ಟ್ರಾನ್ಸ್‌ಫಾರ್ಮರಿನ ನಿರೋಧಕ ಪದರವನ್ನೋ ಸುಡುತ್ತದೆ. ಹಳೆಯ ಜರ್ಮೇನಿಯಂ ಪವರ್ ಟ್ರಾನ್ಸಿಸ್ಟರಿಗೆ ಬದಲಿ ಹುಡುಕುವುದು ಸುಲಭವಲ್ಲ. ಸ್ಪೀಕರ್ ಇಲ್ಲದಿದ್ದರೆ 8 ಓಮ್, 10 ವ್ಯಾಟಿನ ಒಂದು ರೆಸಿಸ್ಟರನ್ನಾದರೂ ಆ ಜಾಗಕ್ಕೆ ಕಟ್ಟಿ, ಆಮೇಲೆ ಆನ್ ಮಾಡಿ.

ನನ್ನ ರೇಡಿಯೊಗೆ ಎಷ್ಟು ಓಮ್ ಸ್ಪೀಕರ್ ಬೇಕು ಎಂದು ಎಲ್ಲಿ ಬರೆದಿರುತ್ತದೆ?

ಮೊದಲು ರೇಡಿಯೊದ ಪೆಟ್ಟಿಗೆಯ ಮೇಲಿನ ಚೀಟಿ ನೋಡಿ, ಆಮೇಲೆ ಮೂಲ ಸ್ಪೀಕರಿನ ಹಿಂಬದಿ. ಅಯಸ್ಕಾಂತದ ಲೋಹದ ಕವಚದ ಮೇಲೆ ಶಾಯಿಯಲ್ಲಿ ಒತ್ತಿದ ಅಂಕಿ ಮಸಿ, ಧೂಳಿನ ಅಡಿ ಅಡಗಿರುತ್ತದೆ. ಒಣಬಟ್ಟೆಯಿಂದ ಮೆಲ್ಲಗೆ ಒರೆಸಿ. ಸೀಮೆಎಣ್ಣೆಯಲ್ಲಿ ಉಜ್ಜಿದರೆ ಅಂಕಿಯೂ ಹೋಗುತ್ತದೆ.

ಅಲ್ಲೂ ಇಲ್ಲದಿದ್ದರೆ ಮಲ್ಟಿಮೀಟರಿಗೆ ಬನ್ನಿ. ಸ್ಪೀಕರಿನ ಎರಡೂ ವೈರು ಬಿಡಿಸಿ ಅಳೆಯಿರಿ. ಮೀಟರ್ ತೋರಿಸುವುದು ಸುರುಳಿಯ ನೇರ ವಿದ್ಯುತ್ ಪ್ರತಿರೋಧ. ಅದು ಸ್ಪೀಕರಿನ ಓಮ್ ಅಂಕಿಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಮೂರು ಮೂರೂವರೆ ತೋರಿಸಿದರೆ ಅದು 4 ಓಮ್ ಸ್ಪೀಕರ್, ಆರರಿಂದ ಏಳು ತೋರಿಸಿದರೆ 8 ಓಮ್, ಎಂಟರಿಂದ ಒಂಬತ್ತು ತೋರಿಸಿದರೆ 10 ಓಮ್ ಎಂದು ತಿಳಿಯಬಹುದು. ವಾಲ್ವ್ ಕಾಲದ ಸ್ಪೀಕರುಗಳು ಸಾಮಾನ್ಯವಾಗಿ 3ರಿಂದ 4 ಓಮ್‌ನವು. 1960 ಮತ್ತು 70ರ ದಶಕಗಳಲ್ಲಿ ಜನರಲ್ ಮೋಟರ್ಸ್ ಕಾರುಗಳಿಗೆ ಬರುತ್ತಿದ್ದ ಡೆಲ್ಕೊ ರೇಡಿಯೊಗಳು 10 ಓಮ್ ಕೇಳುತ್ತಿದ್ದವು. ಈಗ ಅಂಗಡಿಯಲ್ಲಿ ಸಿಗುವ ಕಾರ್ ಸ್ಪೀಕರುಗಳೆಲ್ಲ ಹೆಚ್ಚುಕಡಿಮೆ 4 ಓಮ್‌ನವು. ಹೆಚ್ಚಿನ ತೊಂದರೆಗಳು ಶುರುವಾಗುವುದೇ ಈ ಅಂತರದಿಂದ.

## ಜೋಡಣೆಗೆ ಇಳಿದಾಗ

ಎರಡು ಸ್ಪೀಕರನ್ನು ಒಂದರ ಹಿಂದೆ ಒಂದು ಕಟ್ಟಲೇ, ಅಕ್ಕಪಕ್ಕ ಕಟ್ಟಲೇ?

ಸರಣಿಯಲ್ಲಿ ಕಟ್ಟಿದರೆ ಓಮ್‌ಗಳು ಕೂಡುತ್ತವೆ: ಎರಡು 4 ಓಮ್ ಸೇರಿ 8. ಸಮಾಂತರವಾಗಿ ಕಟ್ಟಿದರೆ ಇಳಿಯುತ್ತವೆ: ಎರಡು 8 ಓಮ್ ಸೇರಿ 4. ಬೇರೆ ಬೇರೆ ಅಂಕಿಯವನ್ನು ಸಮಾಂತರವಾಗಿ ಕಟ್ಟಿದಾಗ ಎರಡನ್ನೂ ಗುಣಿಸಿ, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿ. 10 ಓಮ್‌ನ ಮೂಲ ಸ್ಪೀಕರಿಗೆ ಹೊಸ 4 ಓಮ್ ಸ್ಪೀಕರನ್ನು ಅಕ್ಕಪಕ್ಕ ಕಟ್ಟಿದರೆ ರೇಡಿಯೊಗೆ ಕಾಣುವುದು 2.9 ಓಮ್ ಮಾತ್ರ. ಅದು ಬಯಸಿದ್ದರ ಮೂರರಲ್ಲಿ ಒಂದು ಪಾಲೂ ಅಲ್ಲ.

ಆದ್ದರಿಂದ ಮೊದಲು ರೇಡಿಯೊದ ಅಂಕಿ, ಆಮೇಲೆ ಲೆಕ್ಕ. ರೇಡಿಯೊ 8 ಓಮ್ ಕೇಳುತ್ತಿದ್ದರೆ ಎರಡು 4 ಓಮ್ ಸ್ಪೀಕರುಗಳನ್ನು ಸರಣಿಯಲ್ಲಿ ಕಟ್ಟಿ. ನನಗೆ ಅತಿ ಇಷ್ಟವಾದ ಜೋಡಣೆ ಇದು, ಹೊಸ ಸ್ಪೀಕರುಗಳು ಹಳೆಯ ರೇಡಿಯೊಗೆ ತಾನಾಗಿ ಹೊಂದುತ್ತವೆ. 10 ಓಮ್ ರೇಡಿಯೊಗೂ ಇದೇ ಜೋಡಿ ಸಾಕಷ್ಟು ಹತ್ತಿರ. ರೇಡಿಯೊ 4 ಓಮ್ ಕೇಳುತ್ತಿದ್ದರೆ ಎರಡು 8 ಓಮ್ ಸ್ಪೀಕರುಗಳನ್ನು ಸಮಾಂತರವಾಗಿ ಕಟ್ಟಿ. ನಾಲ್ಕು ಸ್ಪೀಕರ್ ಬೇಕೆಂದರೆ ಎರಡೆರಡನ್ನು ಸರಣಿಯಲ್ಲಿ ಕಟ್ಟಿ ಆ ಎರಡು ಜೋಡಿಗಳನ್ನು ಸಮಾಂತರವಾಗಿ ಸೇರಿಸಿ. ನಾಲ್ಕೂ ಒಂದೇ ಅಂಕಿಯವಾದರೆ ಒಟ್ಟು ಅಂಕಿಯೂ ಅದೇ ಉಳಿಯುತ್ತದೆ.

ಒಂದೇ ಬಗೆಯ ಸ್ಪೀಕರುಗಳನ್ನು ಜೊತೆಗೆ ಹಾಕಿದರೆ ಮೇಲು. ಸರಣಿಯಲ್ಲಿ ಹೆಚ್ಚು ಓಮ್‌ನದು ಜೋರಾಗುತ್ತದೆ, ಸಮಾಂತರದಲ್ಲಿ ಕಡಿಮೆ ಓಮ್‌ನದು ಜೋರಾಗುತ್ತದೆ. ಎರಡು ಬಗೆಯವು ಬೆರೆತರೆ ಒಂದು ಕೂಗಿ ಇನ್ನೊಂದು ಪಿಸುಗುಟ್ಟುತ್ತದೆ.

ಓಮ್ ಸ್ವಲ್ಪ ಹೆಚ್ಚು ಕಡಿಮೆಯಾದರೆ ನಿಜವಾಗಿಯೂ ರೇಡಿಯೊ ಸುಡುತ್ತದೆಯೇ?

ಯಾವ ರೇಡಿಯೊ ಎಂಬುದರ ಮೇಲೆ ಹೋಗುತ್ತದೆ. ಒಂದೇ ಔಟ್‌ಪುಟ್ ಟ್ರಾನ್ಸಿಸ್ಟರ್ ಮತ್ತು ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ವಿನ್ಯಾಸದಲ್ಲಿ ಆ ಟ್ರಾನ್ಸಿಸ್ಟರ್ ಹಾಡು ಬರಲಿ ಬರದಿರಲಿ ಒಂದೇ ಮಟ್ಟದ ವಿದ್ಯುತ್ ಎಳೆಯುತ್ತಿರುತ್ತದೆ. ಅಲ್ಲಿ ಓಮ್ ಕಡಿಮೆಯಾದರೆ ಶಕ್ತಿ ಕುಂದುತ್ತದೆ, ಸದ್ದು ಒಡೆಯುತ್ತದೆ. ತಕ್ಷಣ ಸುಡುವ ಸಾಧ್ಯತೆ ಕಡಿಮೆ. 1970ರ ದಶಕದಿಂದ ಬಂದ, ಟ್ರಾನ್ಸ್‌ಫಾರ್ಮರ್ ಇಲ್ಲದ ಜೋಡಿ ಟ್ರಾನ್ಸಿಸ್ಟರ್ ಅಥವಾ ಐಸಿ (ಚಿಪ್) ಔಟ್‌ಪುಟ್ಟಿನ ರೇಡಿಯೊಗಳ ಕಥೆ ಬೇರೆ. ಅಲ್ಲಿ ಓಮ್ ಅರ್ಧವಾದರೆ ಕರೆಂಟ್ ಇಮ್ಮಡಿಯಾಗುತ್ತದೆ, ಶಾಖ ಏರುತ್ತದೆ, ಕೊನೆಗೆ ಔಟ್‌ಪುಟ್ ಹಂತವೇ ಹೋಗುತ್ತದೆ.

ಸಂದೇಹ ಬಂದಾಗ ತುಸು ಹೆಚ್ಚಿನ ಓಮ್ ಕಡೆಗೆ ವಾಲಿ. 8 ಕೇಳುವ ರೇಡಿಯೊಗೆ 10 ಕೊಟ್ಟರೆ ಸದ್ದು ಒಂದು ಕೂದಲೆಳೆ ತಗ್ಗಬಹುದು, ಅಷ್ಟೆ.

ಹೊಸ ಸ್ಪೀಕರ್ ಮೇಲೆ 200 ವ್ಯಾಟ್ ಎಂದಿದೆ. ಒಳ್ಳೆಯದೇ ಅಲ್ಲವೇ?

ಆ ಅಂಕಿ ಸ್ಪೀಕರ್ ಎಷ್ಟು ತಾಳಿಕೊಳ್ಳಬಲ್ಲದು ಎಂಬುದರ ಅಳತೆ. ನಾಲ್ಕು ವ್ಯಾಟ್ ಕೊಡುವ ರೇಡಿಯೊಗೆ ಅದರಿಂದ ಏನೂ ಆಗಬೇಕಾಗಿಲ್ಲ. ನೀವು ನೋಡಬೇಕಾದದ್ದು ಸಂವೇದನೆಯ ಅಂಕಿಯನ್ನು, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬುದನ್ನು. 86 ಡೆಸಿಬಲ್ಲಿನ ಸ್ಪೀಕರಿಗೂ 92 ಡೆಸಿಬಲ್ಲಿನದಕ್ಕೂ ವ್ಯತ್ಯಾಸ ಆರು ಡೆಸಿಬಲ್. ಅದು ನಾಲ್ಕು ಪಟ್ಟು ಶಕ್ತಿಗೆ ಸಮ. ಎರಡನೆಯದಕ್ಕೆ ನಾಲ್ಕು ವ್ಯಾಟ್ ಕೊಟ್ಟಾಗ ಬರುವ ಸದ್ದನ್ನು ಮೊದಲನೆಯದರಿಂದ ಪಡೆಯಲು ಹದಿನಾರು ವ್ಯಾಟ್ ಬೇಕು.

ದೊಡ್ಡ ಶಕ್ತಿಗೆಂದು ತಯಾರಾದ ಸ್ಪೀಕರಿನ ಕೋನ್, ಅಂದರೆ ಅಲುಗಿ ಸದ್ದು ಹುಟ್ಟಿಸುವ ಶಂಕು, ಭಾರ; ಅದರ ಸುತ್ತಿನ ರಬ್ಬರ್ ಬಿಗಿ. ಹಳೆಯ ರೇಡಿಯೊಗೆ ಅದನ್ನು ಅಲುಗಾಡಿಸುವ ಕಸುವಿಲ್ಲ. ಹಗುರವಾದ ಕಾಗದದ ಕೋನ್, ಮಡಿಕೆಯ ಅಂಚು ಇರುವ ಸ್ಪೀಕರ್ ಹುಡುಕಿ. ನೋಡಲು ಸಾದಾ ಎನಿಸಿದರೂ ಹಳೆಯ ರೇಡಿಯೊದ ಕೈಯಲ್ಲಿ ಅದೇ ಚೆನ್ನಾಗಿ ಹಾಡುತ್ತದೆ.

ಸ್ಪೀಕರ್ ಮೇಲೆ ಪ್ಲಸ್ ಮೈನಸ್ ಗುರುತೇ ಇಲ್ಲ. ಹೇಗೆ ಕಟ್ಟಿದರೂ ನಡೆಯುತ್ತದೆಯೇ?

ಒಂದೇ ಸ್ಪೀಕರ್ ಆಗಿದ್ದರೆ ನಡೆಯುತ್ತದೆ. ಎರಡಾದಾಗ ಎರಡರ ಕೋನುಗಳೂ ಒಟ್ಟಿಗೆ ಹೊರಗೆ, ಒಟ್ಟಿಗೆ ಒಳಗೆ ಚಲಿಸಬೇಕು. ಒಂದು ನೂಕುವಾಗ ಇನ್ನೊಂದು ಎಳೆದರೆ ಕೆಳಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಹಾಡು ತೆಳ್ಳಗಾಗುತ್ತದೆ.

ಪತ್ತೆಹಚ್ಚಲು 1.5 ವೋಲ್ಟಿನ ಒಂದು ಸಣ್ಣ ಸೆಲ್ ಸಾಕು. ಸ್ಪೀಕರನ್ನು ಮುಖ ಮೇಲಾಗಿ ಇಟ್ಟು, ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದು, ಸೆಲ್ಲಿನ ಎರಡು ತುದಿಗಳನ್ನು ಟರ್ಮಿನಲ್ಲುಗಳಿಗೆ ಒಂದು ಕ್ಷಣ ಮುಟ್ಟಿಸಿ. "ಟಪ್" ಎಂಬ ಸದ್ದಿನೊಂದಿಗೆ ಕೋನ್ ಮೇಲಕ್ಕೆ ಹಾರಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ಟರ್ಮಿನಲ್ಲೇ ಪ್ಲಸ್. ಒಳಕ್ಕೆ ಕುಸಿದರೆ ತಿರುಗುಮುರುಗು. ಕಣ್ಣಿಗೆ ಕಾಣದಿದ್ದರೆ ಕೋನಿನ ಮೇಲೆ ಬೆರಳ ತುದಿಯನ್ನು ಗಾಳಿಯಷ್ಟು ಹಗುರವಾಗಿ ಇಡಿ, ನೂಕು ತಿಳಿಯುತ್ತದೆ. ಹಳೆಯ ಕಾಗದ ಒಣಗಿ ಗರಿಗರಿಯಾಗಿರುತ್ತದೆ, ಒತ್ತಿದರೆ ಬಿರುಕು ಬಿಡುತ್ತದೆ. ಗೊತ್ತಾದ ಕೂಡಲೇ ಪ್ಲಸ್ ಪಕ್ಕ ಕೆಂಪು ಬಣ್ಣದ ಚುಕ್ಕೆ ಇಡಿ.

ಎಷ್ಟು ದಪ್ಪದ ವೈರು ಬೇಕು? ಎಲ್ಲಿಂದ ಎಳೆಯಲಿ?

0.75ರಿಂದ 1 ಚದರ ಮಿಲಿಮೀಟರಿನ, ಹಲವು ಎಳೆಗಳ ತಾಮ್ರದ ಜೋಡಿ ವೈರು ಸಾಕು. ಐದು ಮೀಟರ್ ದೂರಕ್ಕೆ ಹೋಗಿ ಬರುವ ಹತ್ತು ಮೀಟರ್ ವೈರಿನ ಪ್ರತಿರೋಧ 0.75ರ ವೈರಿನಲ್ಲಿ ಸುಮಾರು 0.23 ಓಮ್. ಅದರಲ್ಲಿ ಕಳೆದುಹೋಗುವುದು ಕಿವಿಗೆ ತಿಳಿಯುವುದಿಲ್ಲ. ಬೆರಳು ಗಾತ್ರದ ದುಬಾರಿ ವೈರಿಗೆ ಇಲ್ಲಿ ಕೆಲಸವಿಲ್ಲ.

ಬಾಗಿಲ ಹೊಸ್ತಿಲಿನ ಪಟ್ಟಿಯ ಕೆಳಗೆ ಎಳೆದರೆ ಹೊರಗೆ ಕಾಣುವುದಿಲ್ಲ. ಲೋಹದ ತೂತು ದಾಟುವ ಕಡೆಯಲ್ಲೆಲ್ಲ ರಬ್ಬರ್ ಗ್ರಾಮೆಟ್ ಹಾಕಲೇಬೇಕು. ಇಲ್ಲದಿದ್ದರೆ ಕಾರಿನ ಅಲುಗಾಟಕ್ಕೆ ತಗಡಿನ ಅಂಚು ವೈರಿನ ಸಿಪ್ಪೆ ಕೊರೆದು ಕಾರಿನ ಲೋಹದ ಬಾಡಿಗೆ ಶಾರ್ಟ್ ಆಗುತ್ತದೆ. ಹ್ಯಾಂಡ್‌ಬ್ರೇಕಿನ ಕೇಬಲ್, ಸೀಟಿನ ಹಳಿ, ಪೆಡಲುಗಳ ಹತ್ತಿರ ಸುಳಿಯಬೇಡಿ. ಕಾರಿನ ಮೂಲ ವೈರುಗಳಿಗೆ ಬಟ್ಟೆಯ ಹೊದಿಕೆ ಇದ್ದರೆ ಅವನ್ನು ಬಗ್ಗಿಸಿ ಎಳೆದಾಡದೆ ಹೊಸ ವೈರನ್ನು ಬೇರೆ ದಾರಿಯಲ್ಲೇ ಒಯ್ಯಿರಿ. ಕೂಡುಗಳನ್ನು ಬೆಸುಗೆ ಹಾಕಿ ಶಾಖಕ್ಕೆ ಕುಗ್ಗುವ ತೋಳು ಹೊದಿಸಿ. ಬರಿಯ ಟೇಪಿನ ಅಂಟು ಬಿಸಿಲಿಗೆ ಕರಗಿ ಬಿಚ್ಚಿಕೊಳ್ಳುತ್ತದೆ.

ತಗಡು ಕತ್ತರಿಸದೆ ಸ್ಪೀಕರ್ ಎಲ್ಲಿ ಕೂರಿಸಬಹುದು?

ಹಿಂದಿನ ಗಾಜಿನ ಕೆಳಗಿನ ಹಲಗೆ ಮೊದಲ ಆಯ್ಕೆ. ಎಷ್ಟೋ ಕಾರುಗಳಲ್ಲಿ ಹಿಂಬದಿಯ ಸ್ಪೀಕರಿಗೆಂದೇ ತಗಡಿನಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಮೇಲಿನ ಹೊದಿಕೆಯನ್ನು ಸರಿಸಿ ನೋಡಿ, ಕೆಲಸ ಅರ್ಧ ಮುಗಿದಿರಬಹುದು. ಡಿಕ್ಕಿಯೇ ಸ್ಪೀಕರಿಗೆ ದೊಡ್ಡ ಪೆಟ್ಟಿಗೆಯಾಗುತ್ತದೆ. ಸ್ಪೀಕರಿನ ಸುತ್ತ ಸಂದು ಉಳಿದರೆ ಹಿಂದಿನ ಗಾಳಿ ಮುಂದಕ್ಕೆ ನುಗ್ಗಿ ಕೆಳಸ್ವರ ಸಾಯುತ್ತದೆ, ಹಾಗಾಗಿ ಫೋಮಿನ ಪಟ್ಟಿ ಸುತ್ತಿ ಬಿಗಿಯಾಗಿ ಕೂರಿಸಿ.

ಎರಡನೆಯದು, ಕಾಲಿಡುವ ಜಾಗದ ಪಕ್ಕದ ಮೂಲೆಗೆ ಹೊಂದುವ ಪ್ಲೈವುಡ್ ಪೆಟ್ಟಿಗೆ. ಮೂರನೆಯದು ಸೀಟಿನ ಕೆಳಗಿನ ಚಪ್ಪಟೆ ಪೆಟ್ಟಿಗೆ. ಬಾಗಿಲಿಗೆ ಮಾತ್ರ ಕೈ ಹಾಕಬೇಡಿ ಎನ್ನುತ್ತೇನೆ. ಗಾಜು ಇಳಿಯುವ ದಾರಿ, ಒಳಗೆ ಸೋರುವ ಮಳೆನೀರು, ಕತ್ತರಿಸಿದರೆ ಮತ್ತೆ ಸಿಗದ ಮೂಲ ಹೊದಿಕೆ, ಮೂರೂ ನಿಮಗೆ ವಿರುದ್ಧ. ಹಾಕಲೇಬೇಕೆಂದರೆ ಬದಲಿ ಹಲಗೆ ಮಾಡಿಸಿ, ಮೂಲದ್ದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ಗಾಜನ್ನು ಪೂರ್ತಿ ಇಳಿಸಿ ಆಳ ಅಳೆದ ಮೇಲೆಯೇ ಸ್ಪೀಕರ್ ಕೊಳ್ಳಿ.

ಮುಂದಿನ ಮತ್ತು ಹಿಂದಿನ ಸ್ಪೀಕರನ್ನು ಹೆಚ್ಚು ಕಡಿಮೆ ಮಾಡುವ ಫೇಡರ್ ಹೇಗೆ ಕಟ್ಟುವುದು?

ಹಳೆಯ ಕಾಲದ ಫೇಡರ್ ಎಂದರೆ ತಂತಿ ಸುತ್ತಿದ, 20ರಿಂದ 25 ಓಮ್‌ನಷ್ಟು ಪ್ರತಿರೋಧದ ತಿರುಗುಗುಂಡಿ. ಅದಕ್ಕೆ ಮೂರು ಕಾಲು. ರೇಡಿಯೊದಿಂದ ಬಂದ ವೈರು ನಡುವಿನ ಕಾಲಿಗೆ, ಒಂದು ಬದಿಯದು ಮುಂದಿನ ಸ್ಪೀಕರಿನ ಪ್ಲಸ್‌ಗೆ, ಇನ್ನೊಂದು ಬದಿಯದು ಹಿಂದಿನದರ ಪ್ಲಸ್‌ಗೆ. ಎರಡೂ ಸ್ಪೀಕರುಗಳ ಮೈನಸ್ ಒಟ್ಟಾಗಿ ರೇಡಿಯೊದ ಅರ್ಥಿಗೆ, ಅಂದರೆ ಕಾರಿನ ಬಾಡಿಗೆ ಸೇರಿದ ತುದಿಗೆ. ಗುಂಡಿ ಒಂದು ತುದಿಗೆ ಹೋದಾಗ ಒಂದು ಸ್ಪೀಕರಿಗೆ ನೇರ ಸಂಪರ್ಕ, ಇನ್ನೊಂದಕ್ಕೆ ನಡುವೆ ಪೂರ್ತಿ ಪ್ರತಿರೋಧ. ರೇಡಿಯೊಗೆ ಯಾವ ಸ್ಥಿತಿಯಲ್ಲೂ ಹೊರೆ ತಪ್ಪುವುದಿಲ್ಲ, ಆ ವಿನ್ಯಾಸದ ಚೆಲುವು ಅದು.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರ್ಬನ್ ವಾಲ್ಯೂಮ್ ಗುಂಡಿಯನ್ನು ಈ ಜಾಗಕ್ಕೆ ಹಾಕಬೇಡಿ. ಅದರದು ಸಾವಿರಗಟ್ಟಲೆ ಓಮ್, ತಾಳಿಕೊಳ್ಳುವುದು ಅರ್ಧ ವ್ಯಾಟನ್ನೂ ಅಲ್ಲ. ತಂತಿ ಸುತ್ತಿದ, ಕನಿಷ್ಠ ಐದು ವ್ಯಾಟಿನದನ್ನೇ ಕೇಳಿ ಪಡೆಯಿರಿ. ಫೇಡರಿನಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ, ಅದಕ್ಕೆ ಸಿದ್ಧರಾಗಿ.

ಸ್ಪೀಕರಿನ ಒಂದು ವೈರನ್ನು ಕಾರಿನ ಬಾಡಿಗೆ ಕೊಟ್ಟು, ಇನ್ನೊಂದನ್ನು ಮಾತ್ರ ರೇಡಿಯೊಗೆ ಕೊಡಬಹುದೇ?

ಎಷ್ಟೋ ಹಳೆಯ ಕಾರುಗಳಲ್ಲಿ ಮೂಲ ಜೋಡಣೆಯೇ ಹಾಗಿದೆ. ಆದರೆ 1980ರ ದಶಕದಿಂದೀಚೆಗಿನ ಹಲವು ರೇಡಿಯೊಗಳಲ್ಲಿ ಸ್ಪೀಕರಿನ ಎರಡೂ ವೈರುಗಳಿಗೆ ತಲಾ ಒಂದು ಆಂಪ್ಲಿಫೈಯರ್ ಇರುತ್ತದೆ. ಅದರಲ್ಲಿ ಯಾವ ವೈರನ್ನೂ ಬಾಡಿಗೆ ಮುಟ್ಟಿಸುವಂತಿಲ್ಲ. ಹಳೆಯ ಕಾರಿಗೆ ನಡುವೆ ಯಾರೋ ಹೊಸ ರೇಡಿಯೊ ಹಾಕಿ, ಡ್ಯಾಶ್‌ಬೋರ್ಡಿನ ಹಿಂದೆ ಹಳೆಯ ಒಂಟಿ ವೈರನ್ನೇ ಬಿಟ್ಟಿರುವುದು ಸಾಮಾನ್ಯ.

ಪರೀಕ್ಷೆ ಸುಲಭ. ಸ್ಪೀಕರ್ ಜೋಡಿಸಿರುವಾಗಲೇ ರೇಡಿಯೊ ಆನ್ ಮಾಡಿ, ವಾಲ್ಯೂಮ್ ಪೂರ್ತಿ ತಗ್ಗಿಸಿ, ಪ್ರತಿ ವೈರಿಗೂ ಬಾಡಿಗೂ ನಡುವೆ ನೇರ ವಿದ್ಯುತ್ ವೋಲ್ಟೇಜ್ ಅಳೆಯಿರಿ. ಎರಡೂ ವೈರಿನಲ್ಲಿ ಆರು ವೋಲ್ಟಿನ ಆಸುಪಾಸು ಕಂಡರೆ ಬಾಡಿಗೆ ಕೊಡಲೇಬಾರದು, ಪ್ರತಿ ಸ್ಪೀಕರಿಗೂ ಎರಡೆರಡು ವೈರು ಪ್ರತ್ಯೇಕವಾಗಿ ಎಳೆಯಬೇಕು. ಮೇಲೆ ಹೇಳಿದ ಫೇಡರ್ ಕೂಡ ಅಂತಹ ರೇಡಿಯೊಗೆ ಹೊಂದುವುದಿಲ್ಲ. ನಾನಂತೂ ಎಂತಹ ರೇಡಿಯೊ ಇದ್ದರೂ ಎರಡು ವೈರು ಎಳೆಯುವವನೇ. ತುಕ್ಕು ಹಿಡಿದ ಬಾಡಿಯ ಮೇಲೆ ಭರವಸೆ ಇಡುವ ಪ್ರಮೇಯ ಬರುವುದಿಲ್ಲ.

## ಇನ್ನೂ ಒಳಗೆ ಹೋದವರಿಗೆ

ನನ್ನದು ಮೊನೊ ರೇಡಿಯೊ. ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಹಾಕಿದರೆ ಸ್ಟೀರಿಯೊ ಆಗುತ್ತದೆಯೇ?

ಆಗುವುದಿಲ್ಲ, ಎರಡರಲ್ಲೂ ಒಂದೇ ಸಂಕೇತ. ಆದರೂ ಸದ್ದಿಗೆ ಅಗಲ ಬರುತ್ತದೆ. ಇದರ ತಲೆಕೆಳಗಾದ ಪ್ರಶ್ನೆಯೂ ಬರುತ್ತದೆ: ಸ್ಟೀರಿಯೊ ರೇಡಿಯೊದ ಎರಡು ಔಟ್‌ಪುಟ್‌ಗಳನ್ನು ಡ್ಯಾಶ್‌ಬೋರ್ಡಿನ ಒಂದೇ ಸ್ಪೀಕರಿಗೆ ಸೇರಿಸಬಹುದೇ ಎಂದು. ನೇರವಾಗಿ ಸೇರಿಸಿದರೆ ಒಂದು ಆಂಪ್ಲಿಫೈಯರ್ ಇನ್ನೊಂದರ ವಿರುದ್ಧ ದುಡಿದು ಎರಡೂ ಹಾಳಾಗುತ್ತವೆ. ಅದಕ್ಕೆ ಎರಡು ಸುರುಳಿಗಳ ಸ್ಪೀಕರ್ ಸಿಗುತ್ತದೆ. ಒಂದೇ ಕೋನಿಗೆ ಎರಡು ಪ್ರತ್ಯೇಕ ಸುರುಳಿ, ಎಡಕ್ಕೊಂದು ಬಲಕ್ಕೊಂದು.

ಸ್ಪೀಕರಿನಿಂದ ನಾಲ್ಕು ವೈರು ಬರುತ್ತಿವೆ, ಅಯಸ್ಕಾಂತವೇ ಕಾಣುತ್ತಿಲ್ಲ. ಇದೇನು?

ಅದು ಫೀಲ್ಡ್ ಕಾಯಿಲ್ ಸ್ಪೀಕರ್. ಒಳ್ಳೆಯ ಶಾಶ್ವತ ಅಯಸ್ಕಾಂತಗಳು ಅಗ್ಗವಾಗುವ ಮುನ್ನ, ಹೆಚ್ಚಾಗಿ 1930 ಮತ್ತು 40ರ ದಶಕಗಳಲ್ಲಿ, ಬ್ಯಾಟರಿಯ ವಿದ್ಯುತ್ತಿನಿಂದಲೇ ಸ್ಪೀಕರಿನ ಕಾಂತಕ್ಷೇತ್ರ ಹುಟ್ಟಿಸುತ್ತಿದ್ದರು. ಎರಡು ವೈರು ಆ ದೊಡ್ಡ ಸುರುಳಿಗೆ, ಎರಡು ಕೋನಿನ ಸುರುಳಿಗೆ. ಇದನ್ನು ಬಿಚ್ಚಿ ಎಸೆಯಬೇಡಿ. ಕೆಲವು ವಿನ್ಯಾಸಗಳಲ್ಲಿ ಆ ಸುರುಳಿ ರೇಡಿಯೊದ ವಿದ್ಯುತ್ ಪೂರೈಕೆಯ ಚೋಕ್ ಕೂಡ ಹೌದು. ತೆಗೆದರೆ ರೇಡಿಯೊ ಮೌನವಾಗುತ್ತದೆ. ಹೊಸ ಸ್ಪೀಕರನ್ನು ಕೋನಿನ ಸುರುಳಿಯ ವೈರುಗಳ ಜೊತೆಗೆ ಮಾತ್ರ ಸೇರಿಸಿ, ಓಮ್ ಲೆಕ್ಕ ಮೊದಲಿನಂತೆಯೇ.

ನನ್ನ ಕಾರಿನಲ್ಲಿ ಬ್ಯಾಟರಿಯ ಪ್ಲಸ್ಸನ್ನು ಕಾರಿನ ಬಾಡಿಗೆ ಕೊಟ್ಟಿದ್ದಾರೆ. ಸ್ಪೀಕರಿಗೆ ತೊಂದರೆಯೇ?

ಸ್ಪೀಕರಿಗೆ ಯಾವ ತೊಂದರೆಯೂ ಇಲ್ಲ, ಆಂಪ್ಲಿಫೈಯರಿಗೆ ಇದೆ. 1960ರ ದಶಕದ ಉತ್ತರಾರ್ಧದವರೆಗೆ ಬಹಳಷ್ಟು ಬ್ರಿಟಿಷ್ ಕಾರುಗಳು ಹೀಗೇ ಇದ್ದವು. ಅವುಗಳಲ್ಲೊಂದಾದ ಎಂಜಿಬಿ ಮೈನಸ್ ಅರ್ಥಿಗೆ, ಅಂದರೆ ಮೈನಸ್ಸನ್ನು ಕಾರಿನ ಬಾಡಿಗೆ ಕೊಡುವ ಪದ್ಧತಿಗೆ, ಬದಲಾದದ್ದು 1967ರ ಕೊನೆಯಲ್ಲಿ. ಹೊಸ ಆಂಪ್ಲಿಫೈಯರಿನ ಲೋಹದ ಕವಚ, ಸಂಕೇತದ ವೈರಿನ ಹೊರಜಾಲ ಸಾಮಾನ್ಯವಾಗಿ ಅದರ ಮೈನಸ್‌ಗೆ ಸೇರಿರುತ್ತವೆ. ಅದು ಈ ಕಾರಿನ ಬಾಡಿಗೆ ತಗುಲಿದರೆ ಬ್ಯಾಟರಿಯೇ ಶಾರ್ಟ್ ಆದಂತೆ. ಒಳಗೂ ಹೊರಗೂ ನೇರ ಸಂಪರ್ಕವಿಲ್ಲದ ಡಿಸಿ ಪರಿವರ್ತಕವನ್ನು ನಡುವೆ ಹಾಕುವುದು ನೆಮ್ಮದಿಯ ದಾರಿ.

ಕಾರನ್ನೇ ಮೈನಸ್ ಅರ್ಥಿಗೆ ತಿರುಗಿಸಿಬಿಡೋಣ ಎನ್ನುವವರು ಮೊದಲು ರೇಡಿಯೊ ನೋಡಿ. ಟ್ರಾನ್ಸಿಸ್ಟರ್ ರೇಡಿಯೊಗೆ ಧ್ರುವ ಬದಲಿಸುವ ಸ್ವಿಚ್ ಇಲ್ಲದಿದ್ದರೆ ಒಂದೇ ಕ್ಷಣದಲ್ಲಿ ಹೋಗುತ್ತದೆ. ವಾಲ್ವ್ ರೇಡಿಯೊಗಳಲ್ಲಿ ಸಾದಾ ವೈಬ್ರೇಟರ್ ಇರುವವು ಎರಡೂ ಕಡೆ ನಡೆಯುತ್ತವೆ, ಹೆಚ್ಚಿನ ವೋಲ್ಟೇಜನ್ನು ಮತ್ತೆ ನೇರ ವಿದ್ಯುತ್ತಾಗಿಸುವ ಕೆಲಸವನ್ನೂ ತಾನೇ ಮಾಡುವ ಸಿಂಕ್ರೊನಸ್ ವೈಬ್ರೇಟರ್ ಇರುವವು ನಡೆಯುವುದಿಲ್ಲ.

ಹಳೆಯ ರೇಡಿಯೊ ಉಳಿಸಿಕೊಂಡೇ ಆಂಪ್ಲಿಫೈಯರ್ ಸೇರಿಸಬಹುದೇ?

ಸೇರಿಸಬಹುದು. ಹೆಚ್ಚು ಸದ್ದು ಬೇಕೆನ್ನುವವರಿಗೆ ಇದೇ ಸರಿಯಾದ ದಾರಿ. ಸ್ಪೀಕರ್ ಮಟ್ಟದ ಸಂಕೇತವನ್ನೇ ನೇರವಾಗಿ ಒಪ್ಪುವ ಆಂಪ್ಲಿಫೈಯರ್ ಕೊಳ್ಳಿ, ಅಥವಾ ಆ ಸಂಕೇತವನ್ನು ತಗ್ಗಿಸುವ ಪರಿವರ್ತಕವನ್ನು ನಡುವೆ ಹಾಕಿ. ಮೂಲ ಸ್ಪೀಕರ್ ತನ್ನ ಜಾಗದಲ್ಲೇ ಉಳಿಯಲಿ. ಆಂಪ್ಲಿಫೈಯರ್ ರೇಡಿಯೊದಿಂದ ಬಹುತೇಕ ಏನನ್ನೂ ಎಳೆಯುವುದಿಲ್ಲವಾದ್ದರಿಂದ ರೇಡಿಯೊಗೆ ಬೇಕಾದ ಹೊರೆಯನ್ನು ಆ ಸ್ಪೀಕರೇ ಕೊಡಬೇಕು.

ವಿದ್ಯುತ್ತನ್ನು ರೇಡಿಯೊದ ವೈರಿನಿಂದ ಕದಿಯಬೇಡಿ. ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಫ್ಯೂಸ್. ಹಳೆಯ ರೇಡಿಯೊಗೆ ಆಂಪ್ಲಿಫೈಯರನ್ನು ಎಬ್ಬಿಸುವ ಪ್ರತ್ಯೇಕ ವೈರು ಇರುವುದಿಲ್ಲ; ಇಗ್ನಿಷನ್ ಸ್ವಿಚ್ಚಿನಿಂದ ಸಣ್ಣ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಮೂಲಕ ಆ ಕೆಲಸ ಮಾಡಿಸಿ. ಎಲ್ಲವನ್ನೂ ಸೀಟಿನ ಕೆಳಗೆ ಒಂದು ಹಲಗೆಯ ಮೇಲೆ ಜೋಡಿಸಿದರೆ ನಾಲ್ಕು ಸ್ಕ್ರೂ ಬಿಚ್ಚಿದಾಗ ಕಾರು ಮೊದಲಿನಂತಾಗುತ್ತದೆ.

ಡೈನಮೊ ಇರುವ ಕಾರು ಇಷ್ಟನ್ನು ತಡೆಯುತ್ತದೆಯೇ?

ಅಳತೆ ಮೀರದಿದ್ದರೆ ತಡೆಯುತ್ತದೆ. ಆ ಕಾಲದ ಸಣ್ಣ ಕಾರುಗಳ ಡೈನಮೊ ಸುಮಾರು 20ರಿಂದ 25 ಆಂಪಿಯರ್ ಕೊಡುತ್ತದೆ, ಅದೂ ಎಂಜಿನ್ ಓಡುತ್ತಿರುವಾಗ. ನಿಂತಲ್ಲೇ ನಿಧಾನವಾಗಿ ಓಡುವಾಗ ಹೆಚ್ಚುಕಡಿಮೆ ಏನೂ ಇಲ್ಲ. ಒಟ್ಟು 50 ವ್ಯಾಟ್ ಕೊಡುವ ಆಂಪ್ಲಿಫೈಯರ್ ಪೂರ್ತಿ ದುಡಿದಾಗ ಏಳು ಆಂಪಿಯರಿನಷ್ಟು ಎಳೆಯುತ್ತದೆ, ಸಾಮಾನ್ಯ ಸದ್ದಿನಲ್ಲಿ ಅದರ ಸಣ್ಣ ಪಾಲು. ಹೆಡ್‌ಲೈಟ್ ಹಾಕಿದ ರಾತ್ರಿಗೂ ಇದು ಹೊಂದುತ್ತದೆ. ಅದಕ್ಕಿಂತ ದೊಡ್ಡದು ಬೇಕೆನಿಸಿದರೆ ಮೊದಲು ಚಾರ್ಜಿಂಗ್ ವ್ಯವಸ್ಥೆ ಸುಧಾರಿಸಿ.

ಸ್ಪೀಕರ್ ಸೇರಿಸಿದ ಮೇಲೆ ಕಿರಿಕಿರಿ ಸದ್ದು ಶುರುವಾಗಿದೆ. ವೈರಿನದೇ ದೋಷವೇ?

ಸ್ಪೀಕರ್ ವೈರಿನ ದೋಷವಾಗಿರುವುದು ಅಪರೂಪ. ಪತ್ತೆಗೆ ಮೊದಲ ಉಪಾಯ ವಾಲ್ಯೂಮ್ ಗುಂಡಿ. ವಾಲ್ಯೂಮ್ ತಗ್ಗಿಸಿದಾಗ ಕಿರಿಕಿರಿಯೂ ತಗ್ಗಿದರೆ ಅದು ಆಂಟೆನಾ ಕಡೆಯಿಂದ ಬರುತ್ತಿದೆ. ಆಂಟೆನಾದ ಬುಡದಲ್ಲಿ ಬಣ್ಣ, ತುಕ್ಕು ಕೆರೆದು ಬಾಡಿಗೆ ಒಳ್ಳೆಯ ಸಂಪರ್ಕ ಕೊಡಿ. ವಾಲ್ಯೂಮಿಗೆ ಸಂಬಂಧವಿಲ್ಲದೆ ಒಂದೇ ಸಮ ಇದ್ದರೆ ವಿದ್ಯುತ್ ವೈರಿನ ಮೂಲಕ ಅಥವಾ ಹೊಸ ಆಂಪ್ಲಿಫೈಯರಿನ ಅರ್ಥಿನ ಮೂಲಕ ಬರುತ್ತಿದೆ.

ಎರಡನೆಯದು ಎಂಜಿನ್. ವೇಗದೊಂದಿಗೆ ಏರುವ ಕೀರಲು ಡೈನಮೊ ಅಥವಾ ಆಲ್ಟರ್ನೇಟರಿನದು, ವೇಗದೊಂದಿಗೆ ಜೋರಾಗುವ ಟಕಟಕ ಇಗ್ನಿಷನ್ನಿನದು. ಎಂಜಿನ್ ನಿಲ್ಲಿಸಿದರೂ ಸ್ಪೀಕರ್ ಗುಂಯ್ ಎನ್ನುತ್ತಿದ್ದರೆ ರೇಡಿಯೊದೊಳಗಿನ ಹಳೆಯ ಕೆಪಾಸಿಟರುಗಳು ಒಣಗಿವೆ. ಡೈನಮೊದ ಔಟ್‌ಪುಟ್ ಟರ್ಮಿನಲ್ಲಿಗೂ ಬಾಡಿಗೂ ನಡುವೆ, ಇಗ್ನಿಷನ್ ಕಾಯಿಲಿನ ಸ್ವಿಚ್ ಕಡೆಯ ಟರ್ಮಿನಲ್ಲಿಗೂ ಬಾಡಿಗೂ ನಡುವೆ ಸದ್ದಡಗಿಸುವ ಕೆಪಾಸಿಟರ್ ಹಾಕುವ ರೂಢಿ ಇದೆ. ಡೈನಮೊದ ಫೀಲ್ಡ್ ಟರ್ಮಿನಲ್ಲಿಗೆ ಮಾತ್ರ ಎಂದಿಗೂ ಹಾಕಬೇಡಿ, ರೆಗ್ಯುಲೇಟರಿನ ಕಾಂಟ್ಯಾಕ್ಟುಗಳು ಸುಡುತ್ತವೆ.

ಹಳೆಯ ಪೆಟ್ಟಿಗೆಯೊಳಗೆ ಹೊಸ ಎಲೆಕ್ಟ್ರಾನಿಕ್ಸ್ ತುಂಬಿಸಿಕೊಡುತ್ತಾರಂತೆ. ಮಾಡಿಸಲೇ?

ಮುಖ, ಗುಂಡಿ, ಮುಳ್ಳು ಹಳೆಯವೇ ಉಳಿದು ಒಳಗೆ ನಾಲ್ಕು ಸ್ಪೀಕರಿನ ಔಟ್‌ಪುಟ್, ಬ್ಲೂಟೂತ್ ಬರುತ್ತವೆ. ಅನುಕೂಲ ನಿಜ. ಆದರೆ ಒಳಗಿದ್ದ ಮೂಲ ಯಂತ್ರ ಕಸವಾಗುತ್ತದೆ, ಮತ್ತೆ ಜೋಡಿಸಲಾಗುವುದಿಲ್ಲ. ಕೆಲಸ ಮಾಡುತ್ತಿರುವ ರೇಡಿಯೊಗೆ ಇದನ್ನು ಮಾಡಿಸುವುದು ನನಗೆ ಸಮ್ಮತವಿಲ್ಲ. ಒಳಗೆಲ್ಲ ತುಕ್ಕು ತಿಂದು, ಬಿಡಿಭಾಗಗಳು ಕಳೆದುಹೋಗಿ ಕೆಟ್ಟುಹೋದ ಇನ್ನೊಂದು ರೇಡಿಯೊ ಸಿಕ್ಕಿದರೆ ಅದನ್ನು ಮಾಡಿಸಿ ಹಾಕಿಕೊಳ್ಳಿ, ನಿಮ್ಮ ಕಾರಿನದು ಭದ್ರವಾಗಿರಲಿ.

ಎಲ್ಲ ಕಟ್ಟಿದ ಮೇಲೆ ಮೊದಲ ಸಲ ಆನ್ ಮಾಡುವ ಮುನ್ನ ಏನು ನೋಡಬೇಕು?

ಮೊದಲು ಬ್ಯಾಟರಿಯ ಒಂದು ವೈರು ಬಿಚ್ಚಿ. ಸ್ಪೀಕರ್ ವೈರುಗಳನ್ನು ರೇಡಿಯೊ ತುದಿಯಲ್ಲಿ ಬಿಡಿಸಿಕೊಂಡು ಎರಡರ ನಡುವೆ ಓಮ್ ಅಳೆಯಿರಿ. ನಿಮ್ಮ ಲೆಕ್ಕದ ಅಂಕಿಗಿಂತ ತುಸು ಕಡಿಮೆ ಬರಬೇಕು. ಸೊನ್ನೆ ಬಂದರೆ ಎಲ್ಲೋ ಶಾರ್ಟ್, ಏನೂ ತೋರದಿದ್ದರೆ ಎಲ್ಲೋ ಬಿಟ್ಟುಹೋಗಿದೆ. ಆಮೇಲೆ ಪ್ರತಿ ವೈರಿಗೂ ಬಾಡಿಗೂ ನಡುವೆ ಅಳೆಯಿರಿ. ಸ್ಪೀಕರನ್ನು ಬಾಡಿಗೆ ಕೊಟ್ಟಿಲ್ಲವಾದರೆ ಸಂಪರ್ಕವೇ ಇರಬಾರದು. ಬಾಗಿಲು ತೆರೆದು ಮುಚ್ಚಿ, ಸೀಟು ಹಿಂದೆ ಮುಂದೆ ಸರಿಸಿ, ಅಳತೆ ಬದಲಾಗುತ್ತದೆಯೇ ನೋಡಿ.

ಸರಿಯಾಗಿದ್ದರೆ ವೈರುಗಳನ್ನು ರೇಡಿಯೊಗೆ ಕೊಟ್ಟು, ಸರಿಯಾದ ಫ್ಯೂಸ್ ಹಾಕಿ, ಬ್ಯಾಟರಿ ಸೇರಿಸಿ, ವಾಲ್ಯೂಮ್ ಕೆಳಗಿಟ್ಟು ಆನ್ ಮಾಡಿ. ಮೊದಲ ಹತ್ತು ನಿಮಿಷ ಅಲ್ಲೇ ಇರಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಕೂತ ಲೋಹದ ರೆಕ್ಕೆಗಳ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸಹಜ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಆಫ್ ಮಾಡಿ ಓಮ್ ಲೆಕ್ಕವನ್ನು ಇನ್ನೊಮ್ಮೆ ಹಾಕಿ. ಕೊನೆಗೆ ಯಾವ ಬಣ್ಣದ ವೈರು ಎಲ್ಲಿಗೆ ಹೋಗಿದೆ, ಸ್ಪೀಕರುಗಳ ಓಮ್ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ರೇಡಿಯೊದ ಪಕ್ಕದಲ್ಲೇ ಅಂಟಿಸಿ.